ಪಾರ್ಕಿನಲ್ಲಿ ನೈಡಾಕ್ ಹಬ್ಬ: ಹಾಡಿದವರಿಗೆ ಐದಕ್ಕೆ ಐದು, ಸೌಂಡ್‌ನವರಿಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹೋಗಿದ್ದು ಡಿಜೆರಿಡೂ ಅನ್ನುವ ಉದ್ದ ಕೊಳವೆಯ ವಾದ್ಯ ಕೇಳುವುದಕ್ಕೆ, ಬಂದಿದ್ದು ಒಬ್ಬ ವಯಸ್ಸಾದವರ ಗಿಟಾರ್ ತಲೆಯಲ್ಲಿ ತುಂಬಿಕೊಂಡು. ಸಿಡ್ನಿಯ ಪಶ್ಚಿಮಕ್ಕಿರುವ ನಮ್ಮ ಸಬರ್ಬಿನ ಪಾರ್ಕಿನಲ್ಲಿ ಪ್ರತಿ ಜುಲೈನಲ್ಲೂ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೈಡಾಕ್ ವಾರಕ್ಕೆ ಒಂದು ದಿನದ ಹಬ್ಬ ಮಾಡುತ್ತಾರೆ. ಎಂಟು ವರ್ಷದಿಂದ ಇದೇ ಏರಿಯಾದಲ್ಲಿ ಇದ್ದೂ ಒಂದು ಸಲವೂ ಹೋಗಿರಲಿಲ್ಲ. ಚಳಿ, ಮಗಳ ಸಾಕರ್, ಮನೆಗೆ ಬರುವ ನೆಂಟರು, ಏನೋ ಒಂದು ನೆಪ. ಈ ಸಲ ಮಗಳು ಹೋಗುವ ಹಾಡಿನ ಕ್ಲಾಸಿನ ಮಕ್ಕಳಿಗೂ ವೇದಿಕೆ ಸಿಕ್ಕಿತ್ತು, ಹಾಗಾಗಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಇಲ್ಲಿನ ನಮ್ಮ ಕನ್ನಡದವರು ಎಷ್ಟೋ ಜನ ಹೋಗಬೇಕೋ ಬೇಡವೋ ಅಂತ ಕೇಳಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನೈಡಾಕ್ ಗೊತ್ತಿಲ್ಲದವರಿಗೆ ಎರಡು ಮಾತು. 1938ರ ಜನವರಿ 26ರಂದು, ಬ್ರಿಟಿಷರ ಹಡಗು ಬಂದು 150 ವರ್ಷವಾಯಿತು ಅಂತ ಸಿಡ್ನಿಯೆಲ್ಲ ಸಂಭ್ರಮ ಮಾಡುತ್ತಿದ್ದಾಗ, ಇಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನ ಒಂದು ಹಾಲಿನಲ್ಲಿ ಸೇರಿ ಇದು ನಮಗೆ ಶೋಕದ ದಿನ ಎಂದು ಸಾರಿದರು. ಅದೇ ಮುಂದೆ 1955ರಲ್ಲಿ ಜುಲೈಗೆ ಬಂತು, 1975ರಲ್ಲಿ ಒಂದು ದಿನದ್ದು ಒಂದು ವಾರವಾಯಿತು. ಈಗ ಬಲೂನು, ಬಾವುಟ, ಮಕ್ಕಳಿಗೆ ಮುಖಕ್ಕೆ ಬಣ್ಣ ಎಲ್ಲ ಇದೆ, ಆದರೆ ಬೇರು ಇರುವುದು ಅಲ್ಲಿ. ವೇದಿಕೆಯಲ್ಲಿ ನಿರೂಪಣೆ ಮಾಡುತ್ತಿದ್ದವರು ಹತ್ತು ಜೋಕ್ ಹೇಳಿದರೆ ಅದರಲ್ಲಿ ಮೂರಕ್ಕೆ ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯುತ್ತಿರಲಿಲ್ಲ.

ಟಿಕೆಟ್ ಇಲ್ಲ, ಪೂರ್ತಿ ಉಚಿತ. ಪಾರ್ಕಿಂಗ್ ಮಾತ್ರ ದೇವರಿಗೇ ಪ್ರೀತಿ. ಹತ್ತು ಗಂಟೆಗೆ ಶುರು ಅಂದಿದ್ದರು, ಒಂಬತ್ತೂಮುಕ್ಕಾಲಿಗೆ ಹೋದರೂ ಎರಡು ಬೀದಿ ಆಚೆ ನಿಲ್ಲಿಸಿ ನಡೆದೆವು. ಟ್ರೇನಿನಲ್ಲಿ ಹೋಗಿ.

ಶುರುವಾಗಿದ್ದು ವೆಲ್ಕಮ್ ಟು ಕಂಟ್ರಿಯಿಂದ, ಅಂದರೆ ಆ ನೆಲದ ಮೂಲ ಜನ ಬಂದವರಿಗೆ ಹೇಳುವ ಸ್ವಾಗತದಿಂದ. ಆಫೀಸಿನ ಮೀಟಿಂಗಿನಲ್ಲಿ ಈ ನೆಲ ಯಾರದ್ದು ಅಂತ ಯಾರೋ ಚೀಟಿ ನೋಡಿಕೊಂಡು ಓದುತ್ತಾರಲ್ಲ, ಅದು ಬೇರೆ, ಅದಕ್ಕೆ ಅಕ್ನಾಲೆಜ್‌ಮೆಂಟ್ ಅನ್ನುತ್ತಾರೆ, ಅದನ್ನು ನಾನೂ ನೀವೂ ಹೇಳಬಹುದು. ಸ್ವಾಗತ ಹೇಳುವ ಹಕ್ಕು ಆ ನೆಲದವರಿಗೆ ಮಾತ್ರ. ನಮ್ಮ ಕಡೆಯದು ದಾರುಗ್ ಜನರ ನೆಲ, ಹಾಗಾಗಿ ದಾರುಗ್ ಹಿರಿಯರೊಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಆಂಟಿ ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ತರಕಾರಿ ಅಂಗಡಿಯಲ್ಲಿ ಸಿಕ್ಕವರೂ ಆಂಟಿಯೇ, ಇಲ್ಲಿ ಹಾಗಲ್ಲ, ಸಮುದಾಯ ಹಿರಿಯರು ಅಂತ ಒಪ್ಪಿ ಕೊಡುವ ಗೌರವ ಅದು. ಅವರು ಮೊದಲು ತಮ್ಮ ಭಾಷೆಯಲ್ಲಿ ನಾಲ್ಕು ಸಾಲು ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ, ಕುಳಿತುಕೊಳ್ಳಿ ಮಕ್ಕಳೇ, ನೆಲ ಒದ್ದೆ ಇದೆ, ಇದ್ದರೆ ಇರಲಿ, ಅಂದರು. ಅಷ್ಟೇ. ಭಾಷಣಕ್ಕೆ ಅಂತ ಬಂದಿದ್ದ ಉಳಿದ ದೊಡ್ಡವರು ಅವರಿಂದ ಕಲಿತಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಆಮೇಲೆ ಹೊಗೆ. ಹಸಿ ನೀಲಗಿರಿ ಸೊಪ್ಪನ್ನು ಕೆಂಡದ ಮೇಲೆ ಹಾಕಿ, ಎದ್ದ ಹೊಗೆಯಲ್ಲಿ ಜನ ಸಾಲಾಗಿ ನಡೆದು ಹೋಗುತ್ತಾರೆ. ಮನೆಯಲ್ಲಿ ಸಂಜೆ ಧೂಪ ಹಾಕುವಾಗ ಎರಡೂ ಕೈಯಲ್ಲಿ ಹೊಗೆಯನ್ನು ಮುಖಕ್ಕೆ ಎಳೆದುಕೊಳ್ಳುತ್ತೇವಲ್ಲ, ನನ್ನ ಹೆಂಡತಿ ಯಾರೂ ಹೇಳಿಕೊಡದೆ ಅದನ್ನೇ ಮಾಡಿದಳು. ಪಕ್ಕದಲ್ಲಿದ್ದ ಹುಡುಗ ಅವಳನ್ನು ನೋಡಿ, ಹಾಂ, ಹಾಗೇ, ಅಂದ. ಆಸ್ತಮಾ ಇದ್ದವರು ಗಾಳಿ ಬೀಸುವ ದಿಕ್ಕು ನೋಡಿ ನಿಂತುಕೊಳ್ಳಿ, ಹೊಗೆ ದಟ್ಟವಾಗಿಯೇ ಇರುತ್ತದೆ.

ಈಗ ಸಂಗೀತಕ್ಕೆ ಬರೋಣ. ಮೊದಲು ಯಿಡಾಕಿ. ನಾವು ಡಿಜೆರಿಡೂ ಅನ್ನುವುದನ್ನು ಉತ್ತರದ ಆರ್ನೆಮ್ ಲ್ಯಾಂಡಿನ ಯೋಲ್ಞು ಜನ ಯಿಡಾಕಿ ಅನ್ನುತ್ತಾರೆ, ಒಂದೊಂದು ಕಡೆ ಒಂದೊಂದು ಹೆಸರು. ನುಡಿಸಿದ ಹುಡುಗ ಮೊದಲು ಹೇಳಿದ್ದೇ, ಇದು ಸಿಡ್ನಿಯ ವಾದ್ಯ ಅಲ್ಲ ಅಂತ. ನನಗೆ ಅದು ಗೊತ್ತೇ ಇರಲಿಲ್ಲ. ಇದು ದೇಶದ ಉತ್ತರ ತುದಿಯದು, ನಮ್ಮ ಕಡೆ ಹಿಂದೆ ಇದ್ದಿದ್ದು ತಾಳದ ಕೋಲು, ಒಂದಕ್ಕೊಂದು ಬಡಿಯುವ ಬೂಮರಾಂಗ್, ಮತ್ತೆ ಹೆಂಗಸರು ತೊಡೆಯ ಮೇಲೆ ಇಟ್ಟುಕೊಂಡು ಬಡಿಯುವ, ಪಾಸಮ್ ಅನ್ನುವ ಪ್ರಾಣಿಯ ಚರ್ಮದ ಸುರುಳಿ. ತನ್ನ ಚಿಕ್ಕಪ್ಪಂದಿರಲ್ಲಿ ಒಬ್ಬರು ಉತ್ತರದವರು, ಅವರಿಂದ ಕಲಿತೆ, ಅವರ ಅನುಮತಿ ಇದೆ, ಅದಕ್ಕೇ ನುಡಿಸುತ್ತಿದ್ದೇನೆ, ಅಂದ. ಯಾರಿಂದ ಕಲಿತೆ, ಯಾರು ಒಪ್ಪಿದರು ಅಂತ ಹೇಳದೆ ನುಡಿಸಲು ಶುರುಮಾಡಲಿಲ್ಲ. ಗುರುಗಳ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳುವ ನಮ್ಮ ಸಂಗೀತದವರು ನೆನಪಾದರು.

ಆ ಕೊಳವೆಯನ್ನು ಯಾರೂ ಕೊರೆಯುವುದಿಲ್ಲ, ಗೊತ್ತಾ? ನೀಲಗಿರಿ ಜಾತಿಯ ಮರದ ಒಳಗನ್ನು ಗೆದ್ದಲು ತಿಂದು ಟೊಳ್ಳು ಮಾಡಿರುತ್ತದೆ. ಕಾಡಿನಲ್ಲಿ ಮರವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಆರಿಸುತ್ತಾರೆ, ಕಡಿದು, ತೊಗಟೆ ಕೆತ್ತಿ, ಬಾಯಿಗೆ ಹಿಡಿಯುವ ತುದಿಗೆ ಜೇನುಮೇಣ ಮೆತ್ತುತ್ತಾರೆ. ತೂತು ಇಲ್ಲ, ಬೆರಳು ಇಡುವ ಜಾಗ ಇಲ್ಲ. ಎಲ್ಲ ತುಟಿ, ನಾಲಗೆ, ಕೆನ್ನೆ, ಗಂಟಲಿನ ಕೆಲಸ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟು ಅದನ್ನು ಹೊರಗೆ ಬಿಡುತ್ತಿರುವಾಗಲೇ ಮೂಗಿನಿಂದ ಉಸಿರು ಎಳೆದುಕೊಳ್ಳುವುದು, ಹಾವಾಡಿಗರ ಪುಂಗಿ ನಿಲ್ಲದೆ ಹರಿಯುತ್ತದಲ್ಲ, ಅದೇ ಉಪಾಯ. ನಮಗೆ ತಂಬೂರಿ ಶ್ರುತಿ ಕೊಟ್ಟು ಹಿಂದೆ ಕುಳಿತಿರುತ್ತದೆ, ಇದು ಹಾಗಲ್ಲ. ಶ್ರುತಿಯೂ ಇದೇ, ಮೃದಂಗವೂ ಇದೇ, ನಡುವೆ ನಾಯಿ ಬೊಗಳುವುದು, ಕೂಕಬರಾ ಹಕ್ಕಿ ನಗುವುದು, ಕಾಂಗರೂ ಕುಪ್ಪಳಿಸುವುದು ಕೂಡ ಇದೇ.

ಇಷ್ಟು ಇರುವ ವಾದ್ಯಕ್ಕೆ ಸೌಂಡ್‌ನವರು ಮಾಡಿದ್ದೇನು? ಭಾಷಣದ ಮೈಕನ್ನೇ ತಂದು ಮುಂದೆ ಇಟ್ಟರು. ಬಯಲಿನಲ್ಲಿ ಗಾಳಿ ಬಡಿಯುವ ಸದ್ದು ಬರಬಾರದು ಅಂತ ಕೆಳಗಿನ ಸ್ವರಗಳನ್ನೆಲ್ಲ ಕತ್ತರಿಸಿಟ್ಟಿರುತ್ತಾರೆ, ಮಾತಿಗೆ ಅದು ಸರಿ. ಯಿಡಾಕಿಯ ಜೀವ ಇರುವುದೇ ಆ ಕೆಳಗಿನ ಸ್ವರದಲ್ಲಿ. ಸ್ಪೀಕರಿನಿಂದ ಬಂದಿದ್ದು ಮಿಕ್ಸಿ ಕೆಟ್ಟ ಸದ್ದು. ಜನ ಸುಮ್ನೆ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು, ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಎರಡು ನಿಮಿಷ ಆ ಹುಡುಗ ತಡೆದುಕೊಂಡ. ಆಮೇಲೆ ಎದ್ದು, ಮೈಕ್ ಪಕ್ಕಕ್ಕೆ ಸರಿಸಿ, ವೇದಿಕೆ ಇಳಿದು ಹುಲ್ಲಿನ ಮೇಲೆ ಮಕ್ಕಳ ನಡುವೆ ಬಂದು ಕುಳಿತು, ಕೊಳವೆಯ ತುದಿಯನ್ನು ನೆಲಕ್ಕೆ ತಾಗಿಸಿ ನುಡಿಸಿದ. ನಾನು ಇದ್ದಿದ್ದು ಏಳೆಂಟು ಅಡಿ ದೂರ. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬರುತ್ತದೆ. ಆ ಒದ್ದೆ ಹುಲ್ಲಿನ ಮೇಲೆ ಕುಳಿತವರಿಗೆಲ್ಲ ಕೆಳಗಿನಿಂದಲೂ ಬಂತು. ಹಿಂದೆ ಕುರ್ಚಿಯಲ್ಲಿದ್ದವರಿಗೆ ಏನೂ ಕೇಳಿಸಲಿಲ್ಲವಂತೆ, ಪಾಪ. ಹಾಗಾಗಿ ಮೊದಲ ಸಲಹೆ, ಕುರ್ಚಿ ಬಿಡಿ, ಚಾಪೆ ತನ್ನಿ, ಮುಂದೆ ಕುಳಿತುಕೊಳ್ಳಿ.

ನನ್ನ ಮಗಳು ತಾನೂ ಊದಬಹುದಾ ಅಂತ ಕೇಳಿದಳು. ಅವನು ಬೇಸರ ಮಾಡಿಕೊಳ್ಳದೆ, ಉತ್ತರದ ಕಡೆ ಎಷ್ಟೋ ಸಮುದಾಯಗಳಲ್ಲಿ ಇದನ್ನು ಗಂಡಸರು ಮಾತ್ರ ನುಡಿಸುವುದು, ನನಗೆ ಕಲಿಸಿದವರ ಮನೆಯಲ್ಲೂ ಹಾಗೇ, ನಿನಗೆ ಕೋಲು ಕೊಡುತ್ತೇನೆ, ತಾಳ ಹಾಕು, ಅಂದ. ಅವಳಿಗೆ ಅದು ಹಿಡಿಸಲಿಲ್ಲ, ಮುಖ ಊದಿಸಿಕೊಂಡಳು. ಮನೆಗೆ ಬಂದ ಮೇಲೂ ಅದರ ಚರ್ಚೆ ನಡೆಯಿತು, ಇನ್ನೂ ಮುಗಿದಿಲ್ಲ. ಆದರೆ ಕೋಲು ಬಡಿಯುವುದು ಸುಲಭ ಅಂದುಕೊಂಡಿದ್ದರೆ ಅದೂ ತಪ್ಪು, ಒಂದೇ ವೇಗದಲ್ಲಿ ಐದು ನಿಮಿಷ ಅಲುಗಾಡದೆ ನಿಲ್ಲಿಸಿ ನೋಡಿ ಗೊತ್ತಾಗುತ್ತದೆ.

ಮಕ್ಕಳ ಹಾಡು ದಾರುಗ್ ಭಾಷೆಯಲ್ಲಿತ್ತು. ಹಕ್ಕಿ, ನೀರು, ನಮಸ್ಕಾರ, ಇಷ್ಟರ ಮೇಲೆ ಕಟ್ಟಿದ ಪುಟ್ಟ ಹಾಡು. ಕಲಿಸಿದ ಟೀಚರ್ ಹೇಳಿದ ಹಾಗೆ, ಬ್ರಿಟಿಷರು ಬಂದ 1788ರಲ್ಲಿ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಸಿಡ್ನಿಯ ಸುತ್ತಲಿನ ಭಾಷೆಗಳಿಗೆ ಪೆಟ್ಟು ಬಿದ್ದಿದ್ದು ಎಲ್ಲಕ್ಕಿಂತ ಮೊದಲು, ಈಗ ಹಳೆಯ ನೋಟ್‌ಬುಕ್ಕುಗಳಿಂದ, ಅಜ್ಜಿಯರ ನೆನಪಿನಿಂದ ಹೆಕ್ಕಿ ಹೆಕ್ಕಿ ಮತ್ತೆ ಕಟ್ಟುತ್ತಿದ್ದಾರೆ. ಇಲ್ಲಿ ಒಂದು ಕಥೆ ಹೇಳಲೇಬೇಕು. ಒಪೇರಾ ಹೌಸ್ ಇರುವ ಜಾಗದ ಹೆಸರು ಬೆನೆಲಾಂಗ್ ಪಾಯಿಂಟ್, ನಾವೆಲ್ಲ ಅಲ್ಲಿ ಫೋಟೋ ತೆಗೆಸಿಕೊಂಡವರೇ. ಆ ಬೆನೆಲಾಂಗ್ ಇಲ್ಲಿನ ಮನುಷ್ಯ, ಇನ್ನೊಬ್ಬ ಯುವಕನ ಜೊತೆ ಅವನನ್ನು ಇಲ್ಲಿನ ಮೊದಲ ಬ್ರಿಟಿಷ್ ಗವರ್ನರ್ ಫಿಲಿಪ್ ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋದ. 1793ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಇಬ್ಬರೂ ಕೋಲು ತಟ್ಟಿಕೊಂಡು ತಮ್ಮ ಹಾಡು ಹಾಡಿದರು. ಕೇಳಿದ ಸಂಗೀತಗಾರನೊಬ್ಬ ಅದನ್ನು ಸ್ವರ ಹಾಕಿ ಬರೆದುಕೊಂಡ, 1811ರಲ್ಲಿ ಅದು ಅಚ್ಚಾಯಿತು. ಜೊತೆಗಿದ್ದ ಯುವಕ ವಾಪಸ್ ಬರಲಿಲ್ಲ, ಅಲ್ಲೇ ತೀರಿಕೊಂಡ. ಇಷ್ಟನ್ನು ಟೀಚರ್ ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಚಳಿಗೆ ನಡುಗುತ್ತಿದ್ದರು, ಆದರೆ ಹಾಡು ಶುರುವಾದ ಮೇಲೆ ಚೆನ್ನಾಗಿಯೇ ಹಾಡಿದರು, ನನ್ನ ಮಗಳು ಒಂದು ಸಾಲು ಮೊದಲೇ ಹಾಡಿಬಿಟ್ಟಳು ಅನ್ನುವುದು ಬಿಟ್ಟರೆ.

ನಡುವೆ ಊಟದ ವಿಷಯ ಬೇಗ ಮುಗಿಸುತ್ತೇನೆ. ಸಸ್ಯಾಹಾರಿಗಳಿಗೆ ಜಾಸ್ತಿ ಏನಿಲ್ಲ. ಡ್ಯಾಂಪರ್ ಅಂತ ಕೆಂಡದಲ್ಲಿ ಸುಟ್ಟ ದಪ್ಪ ರೊಟ್ಟಿ, ಬಿಸಿ ಬಿಸಿಯಾಗಿ ಸಿಹಿ ಪಾಕ ಸವರಿ ಕೊಟ್ಟರು, ತುಂಬಾ ಚೆನ್ನಾಗಿತ್ತು. ಲೆಮನ್ ಮರ್ಟಲ್ ಎಲೆಯ ಟೀ ಕೂಡ, ನಿಂಬೆಹುಲ್ಲಿನ ಕಷಾಯದ ಹತ್ತಿರದ ರುಚಿ. ಕಾಂಗರೂ ಸಾಸೇಜಿನ ಸಾಲು ಉದ್ದ ಇತ್ತು, ತಿಂದವರನ್ನು ಕೇಳಿ.

ಮಧ್ಯಾಹ್ನ ಒಂದೂವರೆಗೆ, ಅರ್ಧ ಜನ ಸಾಸೇಜಿನ ಸಾಲಿನಲ್ಲಿ ಇದ್ದಾಗ, ಎಪ್ಪತ್ತು ದಾಟಿದ ಒಬ್ಬರು ಹ್ಯಾಟ್ ಹಾಕಿಕೊಂಡು ಗಿಟಾರ್ ಹಿಡಿದು ವೇದಿಕೆಗೆ ಬಂದರು. ಎಲ್ಲರೂ ಅಂಕಲ್ ಅಂದರು, ನಾನೂ ಅಂಕಲ್ ಅನ್ನುತ್ತೇನೆ. ವಿರಾಜುರಿ ಜನ, ಒಳನಾಡಿನ ಕಡೆಯವರು. ಹಾಡಿದ್ದು ಕಂಟ್ರಿ. ಹೌದು, ಅಮೆರಿಕದ ಕೌಬಾಯ್‌ಗಳದ್ದು ಅಂತ ನಾವು ಅಂದುಕೊಳ್ಳುವ ಅದೇ ಕಂಟ್ರಿ ಸಂಗೀತ. ನನ್ನ ಪಕ್ಕದಲ್ಲಿದ್ದ ಒಬ್ಬರು, ಇದೇನು, ಇದರಲ್ಲಿ ಅಬೊರಿಜಿನಲ್ ಏನಿದೆ, ಅಂತ ಎದ್ದು ಹೋದರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆದರೆ ಯೋಚಿಸಿ ನೋಡಿ. ಮಿಷನ್ನುಗಳಲ್ಲಿ, ಸರ್ಕಾರದ ವಸತಿಗಳಲ್ಲಿ ಜನರನ್ನು ಕೂಡಿಹಾಕಿ, ನಿಮ್ಮ ಭಾಷೆ ಆಡಬೇಡಿ, ನಿಮ್ಮ ಹಾಡು ಹಾಡಬೇಡಿ ಅಂದ ಕಾಲದಲ್ಲಿ, ಕೈಗೆ ಸಿಕ್ಕಿದ್ದು ಚರ್ಚಿನ ಹಾಡು, ರೇಡಿಯೋದ ಕಂಟ್ರಿ, ಒಂದು ಹಳೆ ಗಿಟಾರ್. ಅದನ್ನೇ ತಮ್ಮದು ಮಾಡಿಕೊಂಡರು. ದನ ಮೇಯಿಸಿದ್ದು, ಕುದುರೆ ಸವಾರಿ, ಬೇಲಿ ಹಾಕುವ ಕೂಲಿ, ಊರು ಬಿಟ್ಟಿದ್ದು, ಅಮ್ಮನ ನೆನಪು, ಎಲ್ಲ ಅವರ ಬದುಕಿನದ್ದೇ. ಜಿಮ್ಮಿ ಲಿಟಲ್ ಅಂತ ಯೋರ್ಟಾ ಯೋರ್ಟಾ ಜನರ ಗಾಯಕರೊಬ್ಬರಿದ್ದರು, 1963ರಲ್ಲಿ ಅವರ ಹಾಡು ಇಡೀ ದೇಶದಲ್ಲಿ ಹಿಟ್ ಆಯಿತು. ಈಗ ಟ್ರಾಯ್ ಕ್ಯಾಸರ್ ಡೇಲಿ ಇದ್ದಾರೆ, ಟ್ಯಾಮ್‌ವರ್ತಿನ ಕಂಟ್ರಿ ಹಬ್ಬಕ್ಕೆ ಹೋದವರಿಗೆ ಗೊತ್ತಿರುತ್ತದೆ. ಮೈಗೆ ಸುಣ್ಣದ ಬಣ್ಣ ಬಳಿದುಕೊಂಡು ಕೊಳವೆ ಊದಿದರೆ ಮಾತ್ರ ಅಸಲಿ ಅಂದುಕೊಳ್ಳುವುದು ನಮ್ಮ ತಲೆಯಲ್ಲಿರುವ ಪೋಸ್ಟ್‌ಕಾರ್ಡ್, ಅವರದ್ದಲ್ಲ.

ಅಂಕಲ್ ಎರಡನೇ ಹಾಡಿಗೆ ಮೊದಲು ಗಿಟಾರಿನ ತಂತಿ ಬಿಗಿ ಮಾಡಿಕೊಳ್ಳುತ್ತಾ, ಸುಮ್ಮನೆ ಮಾತಾಡುವ ಹಾಗೆ, ನನ್ನ ಅಕ್ಕನನ್ನು ವೆಲ್ಫೇರ್‌ನವರು ಕರೆದುಕೊಂಡು ಹೋದಾಗ ನಾನು ಮರದ ಮೇಲೆ ಇದ್ದೆ, ಅದಕ್ಕೇ ಉಳಿದುಕೊಂಡೆ, ಅಂದರು. ಅಷ್ಟು ಹೇಳಿ ಹಾಡಲು ಶುರು. ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋಗಿ ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಹಾಕುತ್ತಿದ್ದ ಸರ್ಕಾರದ ನೀತಿ ಇಲ್ಲಿ ಹತ್ತಾರು ವರ್ಷ ನಡೆಯಿತು, 1997ರಲ್ಲಿ ಅದರ ದೊಡ್ಡ ವರದಿ ಬಂತು, 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪೌರತ್ವದ ಪರೀಕ್ಷೆಗೆ ಓದುವಾಗ ಇದನ್ನೆಲ್ಲ ನಾನು ಓದಿದ್ದೆ. ಮರದ ಮೇಲೆ ಕುಳಿತ ಹುಡುಗನನ್ನು ಓದಿರಲಿಲ್ಲ. ಹಾಗೆ ಎಳೆ ವಯಸ್ಸಿನಲ್ಲೇ ಮನೆಯಿಂದ ಎತ್ತಿಕೊಂಡು ಹೋದ ಮಕ್ಕಳಲ್ಲಿ ಆರ್ಚಿ ರೋಚ್ ಒಬ್ಬರು, 1990ರಲ್ಲಿ ಅವರು ತಮ್ಮ ಕಥೆಯನ್ನೇ ಹಾಡಿದಾಗ ಈ ದೇಶದ ಎಷ್ಟೋ ಜನ ಮೊದಲ ಸಲ ಕಿವಿಗೊಟ್ಟರು. ಅವರು 2022ರಲ್ಲಿ ತೀರಿಕೊಂಡರು. ತೀರಿಕೊಂಡವರ ಹೆಸರು ಹೇಳುವುದು ಇಲ್ಲಿ ಎಷ್ಟೋ ಸಮುದಾಯಗಳಲ್ಲಿ ನಿಷಿದ್ಧ, ಅವರ ಹೆಸರು ಹೇಳಬಹುದು ಅಂತ ಮನೆಯವರೇ ಅನುಮತಿ ಕೊಟ್ಟಿದ್ದಾರೆ, ಅದಕ್ಕೇ ಬರೆದೆ.

ಅಂಕಲ್ ಧ್ವನಿ ಏನೂ ದೊಡ್ಡದಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಒಡೆಯುತ್ತದೆ. ಆದರೆ ಸಾಲನ್ನು ಎಲ್ಲಿ ಬಿಡಬೇಕು, ಎಲ್ಲಿ ಮಾತಿನ ಹಾಗೆ ಹೇಳಿ ಮುಗಿಸಬೇಕು ಅನ್ನುವುದು ಗೊತ್ತಿರುವ ಹಾಡುಗಾರ. ನಡುನಡುವೆ ಜೋಕು, ತಮ್ಮ ಹಳೆ ಕಾರಿನ ಮೇಲೊಂದು ಹಾಡು, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಗಿಟಾರ್ ಪಕ್ಕಕ್ಕಿಟ್ಟು, ಜೇಬಿನಿಂದ ಒಂದು ನೀಲಗಿರಿ ಎಲೆ ತೆಗೆದು ತುಟಿಗೆ ಹಿಡಿದು ಊದಿದರು. ಬರೀ ಎಲೆ. ಪಿಟೀಲಿನ ಹಾಗೆ, ಸ್ವಲ್ಪ ಮೂಗಿನ ಧ್ವನಿ, ಹಳೇ ಚರ್ಚಿನ ಹಾಡು. ಹಿಂದೆ ಇದಕ್ಕೆ ಬ್ಯಾಂಡುಗಳೇ ಇದ್ದವು, ವಲ್ಲಾಗಾ ಲೇಕ್ ಕಡೆಯ ಎಲೆ ಬ್ಯಾಂಡ್ 1932ರಲ್ಲಿ ಸಿಡ್ನಿಯ ಹಾರ್ಬರ್ ಬ್ರಿಜ್ ಉದ್ಘಾಟನೆಗೂ ಬಂದಿತ್ತು. ಆ ಎಲೆಯ ಸದ್ದಿಗೆ ಸಾಸೇಜಿನ ಸಾಲೂ ತಿರುಗಿ ನೋಡಿತು.

ಆಗ ನಿರೂಪಕರ ಕೈಗೆ ಒಂದು ಚೀಟಿ ಬಂತು. ಸಮಯ ಮುಗಿಯಿತು, ಕೊನೆಯ ಹಾಡು ಬೇಡ, ಮುಂದೆ ಲಕ್ಕಿ ಡ್ರಾ ಇದೆ. ಇಪ್ಪತ್ತು ನಿಮಿಷ ಕೊಟ್ಟಿದ್ದರಂತೆ, ಅದರಲ್ಲಿ ಆರು ನಿಮಿಷ ಸೌಂಡ್‌ನವರು ವೈರ್ ಹುಡುಕಿದ್ದರಲ್ಲೇ ಹೋಗಿತ್ತು. ಬೆಳಗ್ಗೆ ಭಾಷಣಕ್ಕೆ ಮುಕ್ಕಾಲು ಗಂಟೆ! ಅಂಕಲ್ ಹ್ಯಾಟ್ ಎತ್ತಿ, ಲಕ್ಕಿ ಡ್ರಾದಲ್ಲಿ ನನ್ನ ಹಾಡೂ ಇದ್ದರೆ ಹೇಳಿ, ಅಂದು ಇಳಿದು ಹೋದರು. ಬಹುಮಾನ ಒಂದು ಬಾರ್ಬೆಕ್ಯೂ ಸೆಟ್. ನಮಗೆ ಬರಲಿಲ್ಲ.

ಆಮೇಲೆ ದೇಶದ ಉತ್ತರ ತುದಿಯ ಟಾರೆಸ್ ಸ್ಟ್ರೇಟ್ ದ್ವೀಪಗಳವರ ತಂಡ. ಇವರು ಬೇರೆ ಜನ, ಬೇರೆ ಬಾವುಟ, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. 1871ರಲ್ಲಿ ಅಲ್ಲಿಗೆ ಮಿಷನರಿಗಳು ಬಂದರು, ಅವರ ಜೊತೆ ಪೆಸಿಫಿಕ್ ದ್ವೀಪಗಳವರೂ ಬಂದರು, ಹಾಗಾಗಿ ಹಾಡಿನಲ್ಲಿ ಮೂರು ನಾಲ್ಕು ಧ್ವನಿ ಒಂದರ ಮೇಲೊಂದು ಕೂಡಿಕೊಂಡು ಹೋಗುತ್ತದೆ. ಕೈಯಲ್ಲಿ ಕುಲಾಪ್ ಅನ್ನುವ ಬೀಜದ ಗೊಂಚಲು, ಅಲ್ಲಾಡಿಸಿದರೆ ಮಳೆ ಬಂದಂತೆ. ಇವರಿಗೆ ಮೈಕೇ ಬೇಕಿರಲಿಲ್ಲ, ಅದೊಂದು ಅದೃಷ್ಟ. ಒಂದು ಕುಣಿತವನ್ನು ಮಾತ್ರ ವಿಡಿಯೋ ಮಾಡಬೇಡಿ ಅಂತ ಕೇಳಿಕೊಂಡರು. ಆದರೂ ಇಬ್ಬರು ಮೊಬೈಲ್ ಎತ್ತಿಯೇ ಇದ್ದರು. ಅದರಲ್ಲಿ ಒಬ್ಬರು ನಮ್ಮವರೇ, ಹೆಸರು ಬೇಡ.

ಕೊನೆಗೆ ಇಬ್ಬರು ಹುಡುಗರ ರ‍್ಯಾಪ್. ಉತ್ಸಾಹ ಬಹಳ, ಮಾತು ಒಂದೂ ಕೇಳಿಸಲಿಲ್ಲ, ಬೇಸ್ ಮಾತ್ರ ಧಡ್ ಧಡ್. ಬೆಳಗ್ಗೆ ಯಿಡಾಕಿಗೆ ಇಲ್ಲದ ಬೇಸ್ ಈಗ ಎಲ್ಲಿಂದ ಬಂತೋ! ಯೋಲ್ಞು ಭಾಷೆಯಲ್ಲಿ ರ‍್ಯಾಪ್ ಮಾಡಿ ಹೆಸರು ಮಾಡಿದ ಬೇಕರ್ ಬಾಯ್ 2019ರಲ್ಲಿ ವರ್ಷದ ಯುವ ಆಸ್ಟ್ರೇಲಿಯನ್ ಆದ ಮೇಲೆ ಪ್ರತಿ ಹಬ್ಬದಲ್ಲೂ ಇಂಥ ಹುಡುಗರು ಕಾಣಿಸುತ್ತಾರೆ. ಇವರನ್ನು ಇನ್ನೊಮ್ಮೆ ಸರಿಯಾದ ಹಾಲಿನಲ್ಲಿ ಕೇಳಬೇಕು, ಈಗ ಅಂಕ ಕೊಡುವುದು ಅನ್ಯಾಯ.

ಮಳಿಗೆಗಳ ಬಗ್ಗೆ ಒಂದು ಎಚ್ಚರಿಕೆ. ಡಿಜೆರಿಡೂ ಕೊಳ್ಳುವುದಾದರೆ ಯಾರು ಮಾಡಿದ್ದು, ಯಾವ ಕಡೆಯವರು ಅಂತ ಕೇಳಿ. ಪೇಟೆಯ ಗಿಫ್ಟ್ ಅಂಗಡಿಗಳಲ್ಲಿ ಸಿಗುವ ಎಷ್ಟೋ ಬೂಮರಾಂಗ್, ಕೊಳವೆಗಳು ಹೊರದೇಶದಿಂದ ಬಂದ ನಕಲಿ ಸರಕು. ಹಬ್ಬದ ಮಳಿಗೆಯಲ್ಲಿ ಮಾಡಿದವರೇ ಕುಳಿತಿರುತ್ತಾರೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಆಮೇಲೆ ನಿಮ್ಮನ್ನೂ ಕೇಳುತ್ತಾರೆ. ನಿಮ್ಮ ಮಾಬ್ ಯಾರು ಅಂತ ಒಬ್ಬರು ನನ್ನನ್ನು ಕೇಳಿದಾಗ, ಊರಲ್ಲಿ ಅಜ್ಜಿಯರು ನೀನು ಯಾರ ಮನೆಯವನಪ್ಪಾ ಅಂತ ಕೇಳುವುದೇ ಇದು ಅಂತ ತಕ್ಷಣ ಹೊಳೆಯಿತು, ಹತ್ತು ನಿಮಿಷ ನಮ್ಮ ವಂಶಾವಳಿ ಹೇಳಿದೆ. ಅವರು ಪೂರ್ತಿ ಕೇಳಿದರು. ಒಂದು ಜೊತೆ ತಾಳದ ಕೋಲು ಕೊಂಡೆ, ಮಗಳ ಸಿಟ್ಟು ಇಳಿಸಲು.

ಲೆಕ್ಕ ಹೀಗಿದೆ. ಹಾಡಿದವರಿಗೆ, ನುಡಿಸಿದವರಿಗೆ ಐದಕ್ಕೆ ಐದು. ಡ್ಯಾಂಪರಿಗೆ ನಾಲ್ಕೂವರೆ. ಟಾಯ್ಲೆಟ್ ಮೂರು. ಸೌಂಡಿಗೆ ಒಂದೂವರೆ, ಅದೂ ಕೊನೆಯಲ್ಲಿ ಒಬ್ಬ ಹುಡುಗ ಓಡಾಡಿ ಸರಿಮಾಡಲು ನೋಡಿದ ಅಂತ. ಮುಂದಿನ ವರ್ಷ ಖಂಡಿತ ಹೋಗುತ್ತೇನೆ, ನೀವೂ ಬನ್ನಿ, ಚಾಪೆ, ಸ್ವೆಟರ್ ಮರೆಯಬೇಡಿ.

ಹಬ್ಬ ನಡೆಸಿದವರ ವೆಬ್‌ಸೈಟಿನಲ್ಲಿ ಅಭಿಪ್ರಾಯ ಬರೆಯುವ ಫಾರಂ ಇತ್ತು. ಗಿಟಾರ್ ಅಂಕಲ್‌ಗೆ ಮುಂದಿನ ಸಲ ಒಂದು ಗಂಟೆ ಕೊಡಿ, ಭಾಷಣ ಹತ್ತು ನಿಮಿಷಕ್ಕೆ ಇಳಿಸಿ, ಅಂತ ಬರೆದು ಕಳಿಸಿದೆ. ಅದರಲ್ಲಿ ಇನ್ನೂರು ಅಕ್ಷರ ಮಾತ್ರ ಹಿಡಿಯುತ್ತದೆ, ಎಲೆಯ ವಿಷಯ ಬರೆಯಲು ಜಾಗ ಸಿಗಲಿಲ್ಲ. ನಿಮ್ಮ ಸಂದೇಶ ತಲುಪಿದೆ ಅಂತ ಅದೇ ನಿಮಿಷ ಒಂದು ಇಮೇಲ್ ಬಂತು. ಮೂರು ವಾರ ಆಯಿತು, ಅದಾದ ಮೇಲೆ ಏನೂ ಬಂದಿಲ್ಲ.